ಊರ ಕೆರೆಗೆ ಬಂದ ಅತಿಥಿಗಳು

ಹಕ್ಕಿ ನೋಡುವುದೆಂದರೆ ಕಾಡುಮೇಡು ಅಲೆಯುವವರ ಹವ್ಯಾಸ, ಮನೆವಾರ್ತೆಯ ನಮಗೇಕೆ ಅಂತೀರಾ? ಪಾತ್ರೆ ತೊಳೆದಿಟ್ಟ ಮೇಲೆ ದೀಪ ಹಚ್ಚುವವರೆಗೆ ಸಿಗುವ ಎರಡು ಗಂಟೆ ಬಿಡುವು ಸಾಕು. ಊರೊಳಗೊಂದು ಕೆರೆಯಿದ್ದರಾಯಿತು.

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. ಹೊಲಗದ್ದೆಗಳಿಗೆ ನೀರಾಗಲೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಈಗ ಸುತ್ತಲೂ ಊರು ಬೆಳೆದಿದೆ. ಹಕ್ಕಿಗಳು ಮಾತ್ರ ಕೆರೆಯನ್ನು ಬಿಟ್ಟಿಲ್ಲ. ಕಳೆದ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗಳು ಕ್ಯಾಮೆರಾ ಹೆಗಲಿಗೇರಿಸಿಕೊಂಡು, “ಬನ್ನಿ ಚಿಕ್ಕಮ್ಮ” ಅಂತ ಕರೆದುಕೊಂಡು ಹೋದಳು. ಆಗ ನಾಲ್ಕು ಗಂಟೆ.

ಮೊದಲು ಕಂಡದ್ದು ಹೆಜ್ಜಾರ್ಲೆ. ಕೊಕ್ಕಿನ ಕೆಳಗೆ ಚೀಲ. ಮೀನನ್ನು ನೀರಿನ ಸಮೇತ ಬಾಚಿ, ನಾವು ಅಕ್ಕಿ ತೊಳೆದು ನೀರು ಬಸಿಯುವಂತೆ ನೀರನ್ನೆಲ್ಲ ಹೊರಕ್ಕೆ ಬಿಟ್ಟು, ಆಮೇಲೆ ನುಂಗುತ್ತದೆ! ಹಾವಕ್ಕಿ ಮೈಯೆಲ್ಲ ಮುಳುಗಿಸಿ ಕತ್ತು ಮಾತ್ರ ಮೇಲಿಟ್ಟು ಈಜುವಾಗ ಹಾವೇ ಬಂತೇನೋ ಎನ್ನಿಸುತ್ತದೆ. ನೀರುಕಾಗೆ ಮುಳುಗಿ ಎದ್ದು, ಒಣಗಹಾಕಿದ ಬಟ್ಟೆಯಂತೆ ರೆಕ್ಕೆ ಹರಡಿ ಕೂರುತ್ತದೆ. ಅದರ ಗರಿ ಬೇಗ ನೆನೆಯುತ್ತದೆ. ಹಣೆಯ ಮೇಲೆ ಬಿಳಿ ಗುರುತಿರುವುದೇ ನಾಮದ ಕೋಳಿ. ಹೆಸರಿಟ್ಟವರು ಜಾಣರು!

ಚಿತ್ರ ತೆಗೆಯಲು ಅವಳು ಹೇಳಿಕೊಟ್ಟ ಕ್ರಮ ಸುಲಭ. ಬಿಸಿಲು ನಮ್ಮ ಬೆನ್ನಿಗಿರಬೇಕು. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬರಬೇಕು. ಆದಷ್ಟು ತಗ್ಗಿ ಕೂತು ತೆಗೆದರೆ ಚೆನ್ನ. ಮೊಬೈಲ್ ಫೋನಿನಲ್ಲಿ ಹಕ್ಕಿ ಚುಕ್ಕಿಯಷ್ಟೇ ಕಂಡರೆ ಬೇಸರ ಬೇಡ, ಕೆರೆ ಸಮೇತ ತೆಗೆಯಿರಿ. ಹಾರುವ ಚಿತ್ರ ಬೇಕೆಂದು ಕಲ್ಲೆಸೆಯುವುದು, ಗೂಡಿನ ಹತ್ತಿರ ಹೋಗುವುದು ಮಾತ್ರ ಕೂಡದು. ತಾಯಿ ಎದ್ದು ಹೋದರೆ ಮರಿಗಳು ಬಿಸಿಲಿಗೆ ಬೇಯುತ್ತವೆ, ಕಾಗೆ ಹದ್ದುಗಳ ಪಾಲಾಗುತ್ತವೆ.

ಈ ಹೆಜ್ಜಾರ್ಲೆ ಲೋಕದಲ್ಲೆಲ್ಲ ಸಿಗುವ ಹಕ್ಕಿಯಲ್ಲ. ಭಾರತ, ಶ್ರೀಲಂಕಾ, ಕಾಂಬೋಡಿಯಾದಂಥ ಕೆಲವೇ ದೇಶಗಳಲ್ಲಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಇದನ್ನು ತವರಿಗೆ ಬಾಣಂತನಕ್ಕೆ ಬಂದ ಮಗಳೆಂದೇ ಕಾಣುತ್ತಾರೆ. ಮನೆಯಂಗಳದ ಮರದಲ್ಲೇ ಗೂಡು ಕಟ್ಟಿದರೂ ಓಡಿಸುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತದೆ.

ಹಳ್ಳಿಯವರು ಇಷ್ಟು ಮಾಡುವಾಗ ಪೇಟೆಯ ನಾವು? ಕೆರೆ ಕೆಡುವುದು ಹೆಚ್ಚಾಗಿ ನಮ್ಮ ಮನೆಗಳ ಮೋರಿಯಿಂದಲೇ. ಬಚ್ಚಲ, ಪಾಯಿಖಾನೆಯ ನೀರು ಸೇರಿದರೆ ಪಾಚಿ, ಕಳೆ ಮಿತಿಮೀರಿ ಬೆಳೆದು ಕೊಳೆಯುತ್ತವೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಮೀನು ಸಾಯುತ್ತವೆ. ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆ ಏಕೆ ಬಂದೀತು?

ಆದ್ದರಿಂದ ನಿಮ್ಮೂರಿನ ಕೆರೆಗೊಮ್ಮೆ ಹೋಗಿಬನ್ನಿ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆಸೆಯುವ ಬದಲು ಗಿಡದ ಬುಡಕ್ಕೆ ಹಾಕಿ. ಮಕ್ಕಳು ಬ್ರೆಡ್ಡು, ಪುರಿ ಎರಚಲು ಹೊರಟರೆ ತಡೆಯಿರಿ. ಬೀದಿಯ ಮೋರಿ ಕೆರೆಗೆ ಹರಿಯುತ್ತಿದ್ದರೆ ನಾಲ್ಕು ಮನೆಯವರು ಸೇರಿ ಪುರಸಭೆಗೆ ಅರ್ಜಿ ಕೊಡಿ. ಒಬ್ಬರು ಹೇಳಿದರೆ ದೂರು, ಹತ್ತು ಜನ ಸಹಿ ಹಾಕಿದರೆ ಕೆಲಸ. ಮನೆಗೆ ಬಂದ ಅತಿಥಿಗೆ ಕೊಳೆ ನೀರು ಕೊಡುವ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ, ಹೇಳಿ?