ಗೇಣುದ್ದದ ಕಾನೂನು

ಅಂಗೈ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಅಳೆದರೆ ಒಂದು ಗೇಣು. ಗೇಣಿಗೆ 12 ಬೆರಳು, ಎರಡು ಗೇಣಿಗೆ ಒಂದು ಮೊಳ. ಇಂಚಿನ ಲೆಕ್ಕದಲ್ಲಿ ಗೇಣೆಂದರೆ 9, ಸೆಂಟಿಮೀಟರಿನಲ್ಲಿ 22.86. ಚಾಕು ಎಲ್ಲಿಗೆ ಮುಗಿಯಿತು, ಆಯುಧ ಎಲ್ಲಿಂದ ಶುರುವಾಯಿತು ಎಂದು ಕೇಂದ್ರದ ಆಯುಧ ನಿಯಮಗಳು ಗೆರೆ ಎಳೆದಿರುವುದು ಸರಿಯಾಗಿ ಈ ಒಂದು ಗೇಣಿಗೆ. ಅಗಲಕ್ಕೂ ಒಂದು ಗೆರೆ ಇದೆ: 2 ಇಂಚು, ಅಂದರೆ 5.08 ಸೆಂಟಿಮೀಟರ್, ಮೂರು ಬೆರಳಿಗೆ ತುಸು ಕಡಿಮೆ.

ಈ ಗೆರೆಯನ್ನು ಹಿಡಿದುಕೊಂಡು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಯಾವುದಾದರೂ ಒಕ್ಕಲು ಮನೆಗೆ ಹೋಗಿ. ಕುಡಗೋಲು, ಕೊಡ್ಲಿ, ಕುರ್ಪಿ, ಮಚ್ಚು, ಇಳಿಗಿಮಣಿ ಎಲ್ಲವೂ ತೊಳೆದು ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ಕುಳಿತಿರುತ್ತವೆ. ಕೊಡ್ಲಿಯ ಬಾಯಿ ಎರಡು ಇಂಚಿಗೆ ನಿಲ್ಲುವುದಿಲ್ಲ, ಮಚ್ಚಿನ ಅಲಗು ಗೇಣು ದಾಟುತ್ತದೆ. ಟೇಪು ಒಂದನ್ನೇ ನಂಬುವುದಾದರೆ ಆ ಜಗಲಿಯ ಅರ್ಧಕ್ಕರ್ಧ ಸಾಮಾನು ಆ ನಿಯಮಗಳು ಹೇಳುವ ಆಯುಧಗಳ ಐದನೇ ವರ್ಗಕ್ಕೆ ಹೋಗಿ ಬೀಳಬೇಕು.

ಬೀಳುವುದಿಲ್ಲ. ಕತ್ತಿ, ಬಾಕು, ಈಟಿ, ಭರ್ಜಿ, ಗುಪ್ತಿ, ಚಾಕು ಎಂದು ಹೆಸರು ಹೇಳುತ್ತ ಹೋಗುವ ಆ ವರ್ಗದ ಪಟ್ಟಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬಂದ ಮೇಲೆ ಒಂದು ಬಾಗಿಲನ್ನು ತೆರೆದಿಡುತ್ತದೆ. ಮನೆಗೆಲಸ, ಒಕ್ಕಲುತನ, ವಿಜ್ಞಾನ, ಕೈಗಾರಿಕೆ, ಈ ನಾಲ್ಕಕ್ಕೆಂದು ಮಾಡಿದವು ಪಟ್ಟಿಯಿಂದ ಹೊರಗೆ. 1959ರ ಆಯುಧ ಕಾಯ್ದೆಯ ಎರಡನೇ ಕಲಮೂ ಇದನ್ನೇ ಹೇಳುತ್ತದೆ: ಕೇವಲ ಮನೆ ಅಥವಾ ಹೊಲದ ಬಳಕೆಗಾಗಿ ರೂಪಿಸಿದ ವಸ್ತು ಆಯುಧವಲ್ಲ. ಲಾಠಿ, ಊರುಗೋಲುಗಳನ್ನು ಕಾಯ್ದೆ ಹೆಸರು ಹಿಡಿದೇ ಹೊರಗೆ ಬಿಟ್ಟಿದೆ. ಕುಡಗೋಲನ್ನು ಕಾಪಾಡಿರುವುದು ಅಳತೆಯಲ್ಲ, 'ಯಾತಕ್ಕೆ ಮಾಡಿದ್ದು' ಎಂಬ ಪ್ರಶ್ನೆ. ಟೇಪು ಹಿಡಿದು ಉತ್ತರಿಸುವ ಪ್ರಶ್ನೆ ಅದಲ್ಲ.

ಇಂಚಿನ ಕಥೆ ಇನ್ನೂ ಸ್ವಾರಸ್ಯದ್ದು. 1956ರಲ್ಲಿ ತೂಕ-ಅಳತೆಯ ಕಾಯ್ದೆ ಬಂತು. ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರು ಬಂದವು. ಆದರೂ 1962ರ ಆಯುಧ ನಿಯಮಗಳು 9 ಮತ್ತು 2 ಇಂಚು ಎಂದೇ ಬರೆದುಕೊಂಡವು. 54 ವರ್ಷದ ನಂತರ, 2016ರಲ್ಲಿ, ಆ ನಿಯಮಗಳನ್ನು ಪೂರ್ತಿ ಹೊಸದಾಗಿ ಬರೆದರು. ಇಂಚು ಕದಲಲಿಲ್ಲ, ಅಂಕಿಯೂ ಕದಲಲಿಲ್ಲ. 2019ರಲ್ಲಿ ಆಯುಧ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಅಲಗಿನ ಗೆರೆ ಇದ್ದಲ್ಲೇ ಇದೆ.

ಸೆಂಟಿಮೀಟರಿನಲ್ಲಿ ಬರೆದವರೂ ಇದ್ದಾರೆ. ದೆಹಲಿ ಆಡಳಿತದ 1980ರ ಅಧಿಸೂಚನೆ ಗುಂಡಿ ಒತ್ತಿದರೆ ತೆರೆಯುವ ಚಾಕು, ಸ್ಪ್ರಿಂಗ್ ಚಾಕುಗಳಿಗೆ ಹಾಕಿದ ಮಿತಿ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ. ಉದ್ದ 3 ಇಂಚಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ನಮ್ಮ ನಾಲ್ಕು ಬೆರಳು. 1.72 ಮಾತ್ರ ಇಂಚಿಗೂ ಸರಿಯಾಗದೆ ಬೆರಳಿಗೂ ಸರಿಯಾಗದೆ ನಡುವೆ ನಿಂತಿದೆ. ಇಷ್ಟು ಬಿಗಿಯಾದ ಅಳತೆಯೂ ಕೋರ್ಟಿನಲ್ಲಿ ತಾನೊಂದೇ ನಿಲ್ಲಲಿಲ್ಲ. ಅಂಥ ಚಾಕು ಸಿಕ್ಕ ಒಂದು ಪ್ರಕರಣವನ್ನು 2025ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಧಿಸೂಚನೆ ಹೇಳಿದ್ದು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಇಟ್ಟುಕೊಳ್ಳುವುದರ ಬಗ್ಗೆ. ಆ ವ್ಯಕ್ತಿ ಮಾರಲು ಇಟ್ಟುಕೊಂಡಿದ್ದ ಎಂದು ಆರೋಪಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಯೂ ಮತ್ತೆ ಬಂದದ್ದು 'ಯಾತಕ್ಕೆ' ಎಂಬುದೇ.

ಹೊರದೇಶಗಳ ಗೆರೆಗಳನ್ನೂ ಬೆರಳಿನ ಲೆಕ್ಕಕ್ಕೆ ತರಬಹುದು. ಇಂಗ್ಲೆಂಡಿನ 1988ರ ಕಾಯ್ದೆಯಲ್ಲಿ ಮಡಚುವ ಚಾಕು 3 ಇಂಚಿನೊಳಗಿದ್ದರೆ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದು: ನಾಲ್ಕು ಬೆರಳು. ಅಲ್ಲಿಯೇ 2024ರ ಸೆಪ್ಟೆಂಬರ್ 24ರಿಂದ ನಿಷೇಧವಾದ ಭಯಂಕರ ಆಕಾರದ ಮಚ್ಚುಗಳಿಗೆ 8 ಇಂಚಿನ ಗೆರೆ: ಹತ್ತೂವರೆ ಬೆರಳಿಗೆ ತುಸು ಮೇಲೆ. ನಿಷೇಧಕ್ಕೆ ಮುಂಚೆ ತಂದೊಪ್ಪಿಸಿದವರಿಗೆ ಒಂದೊಂದಕ್ಕೆ 10 ಪೌಂಡ್ ಪರಿಹಾರ ಎಂದು ಸರ್ಕಾರ ದರ ಕಟ್ಟಿತ್ತು. 2022-23ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಡೆದ 590 ಕೊಲೆಗಳಲ್ಲಿ 244 ಹರಿತವಾದ ಅಲಗಿನಿಂದ ಆದವು. ನಿಷೇಧದ ಧಾವಂತಕ್ಕೆ ಇದೂ ಒಂದು ಕಾರಣ. ಅಮೆರಿಕದ ಗಾಳಿ ತದ್ವಿರುದ್ಧ. ಚಾಕುವಿನ ಕಾನೂನು ಅಲ್ಲಿ ಬಹುಪಾಲು ರಾಜ್ಯಗಳ ಕೈಯಲ್ಲಿದೆ. 2010ರಲ್ಲಿ ಅರಿಜೋನ ತನ್ನ ಊರು-ನಗರಗಳು ಬೇರೆ ಬೇರೆ ಚಾಕು ನಿಯಮ ಮಾಡದಂತೆ ತಡೆಯಿತು. 2017ರಲ್ಲಿ ಟೆಕ್ಸಾಸ್ ಐದೂವರೆ ಇಂಚಿಗಿಂತ ಉದ್ದದ ಅಲಗಿನ ಮೇಲಿದ್ದ ನಿಷೇಧವನ್ನು ಸಡಿಲಿಸಿ, ಶಾಲೆ, ಕೋರ್ಟು, ಮತಗಟ್ಟೆಯಂಥ ಜಾಗಗಳಿಗೆ ಮಾತ್ರ ಅದನ್ನು ಉಳಿಸಿಕೊಂಡಿತು.

ನಮ್ಮಲ್ಲಿ ಹಾಗೆ ರಾಜ್ಯದಿಂದ ರಾಜ್ಯಕ್ಕೆ ಅಲಗನ್ನು ಉದ್ದ-ಗಿಡ್ಡ ಮಾಡಲು ಬರುವುದಿಲ್ಲ. ಸಂವಿಧಾನದ ಕೇಂದ್ರ ಪಟ್ಟಿಯ 5ನೇ ನಮೂದಿನಲ್ಲಿ ಆಯುಧಗಳಿವೆ. ಕೊಪ್ಪಳ ಜಿಲ್ಲೆಯ ಶಾಸಕರೆಲ್ಲ ಒಕ್ಕೊರಲಿನಿಂದ ಕೇಳಿದರೂ ವಿಧಾನಸೌಧ 9 ಇಂಚನ್ನು 10 ಮಾಡಲಾರದು. ರಾಜ್ಯದ ಕೈಯಲ್ಲಿರುವುದು ರಾಜ್ಯ ಪಟ್ಟಿಯ 1 ಮತ್ತು 2ನೇ ನಮೂದು, ಅಂದರೆ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸು. ಆ ಬೇರಿನಿಂದ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ.

ಆ ಕಾಯ್ದೆಯ 35ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಶಾಂತಿ ಕಾಪಾಡಲು ಕೆಲವು ವಸ್ತುಗಳನ್ನು ಒಯ್ಯುವುದನ್ನು ನಿಷೇಧಿಸಬಹುದು. ಪಟ್ಟಿಯಲ್ಲಿ ಕತ್ತಿ, ಈಟಿ, ಬಂದೂಕು, ಚಾಕುಗಳ ಜೊತೆಗೆ ಕೋಲು, ದೊಣ್ಣೆ, ಲಾಠಿಯೂ ಇವೆ; ಸಾಲದ್ದಕ್ಕೆ ಮೈಮೇಲೆ ಗಾಯ ಮಾಡಬಲ್ಲ ಯಾವುದೇ ಇತರ ವಸ್ತು ಎಂಬ ಮಾತೂ ಇದೆ. ಇಂಚಿಲ್ಲ, ಗೇಣಿಲ್ಲ, ಬೆರಳಿಲ್ಲ. ಕೇಂದ್ರದ ಕಾಯ್ದೆ ಹೆಸರು ಹಿಡಿದು ಬಿಟ್ಟ ಲಾಠಿಯನ್ನು ರಾಜ್ಯದ ಕಾಯ್ದೆ ಹೆಸರು ಹಿಡಿದು ಎಳೆದುಕೊಂಡಿದೆ. ಕೇಂದ್ರದ ಬಳಿ ಅಳತೆ ಇದೆ, ಅದರಿಂದ ಹೊರಗುಳಿಯುವ ಬಾಗಿಲೂ ಇದೆ. ರಾಜ್ಯದ ಬಳಿ ಅಳತೆಯಿಲ್ಲ. ಬಾಗಿಲು ಇಡುವುದೂ ಬಿಡುವುದೂ ಆದೇಶ ಬರೆಯುವವರ ವಿವೇಕಕ್ಕೆ ಬಿಟ್ಟದ್ದು. ನನ್ನ ಮಟ್ಟಿಗೆ ಸುಧಾರಣೆ ಬೇಕಿರುವುದು ಇಲ್ಲಿ, 9 ಇಂಚಿನಲ್ಲಿ ಅಲ್ಲ.

ಯಾಕೆಂದರೆ ಈ ಭಾಗದಲ್ಲಿ ಕುಡಗೋಲು ಹಿಡಿದು ರಸ್ತೆಗೆ ಇಳಿಯದೆ ಬದುಕು ಸಾಗದು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು, ಹಿಂದೆ ಗಂಗಾವತಿ ತಾಲ್ಲೂಕಿನಲ್ಲಿದ್ದು ಈಗ ಕಾರಟಗಿಗೆ ಸೇರಿದ ಸಿದ್ದಾಪುರದಂಥ ಊರುಗಳನ್ನು ಭತ್ತದ ಕಣಜ ಮಾಡಿತು. ಕೈಯಿಂದ ಕೊಯ್ಯುವುದಾದರೆ ಎಕರೆಗೆ ಎಂಟ್ಹತ್ತು ಆಳು ಬೇಕು. ಹತ್ತು ಆಳೆಂದರೆ ಹತ್ತು ಕುಡಗೋಲು, ಒಂದು ಟ್ರ್ಯಾಕ್ಟರ್ ಟ್ರೇಲರು. ಈಗ ಕಟಾವು ಯಂತ್ರದ ಪಾಲಾಗಿದೆ. ಆದರೂ ಯಂತ್ರ ತಿರುಗದ ಮೂಲೆ, ಮಲಗಿದ ಪೈರು, ಬದುವಿನ ಹುಲ್ಲು ಇವೆಲ್ಲ ಇಂದಿಗೂ ಕುಡಗೋಲಿನವೇ. ಐದು ಅಥವಾ ಹೆಚ್ಚು ಮಂದಿ ಕೆಟ್ಟ ಉದ್ದೇಶದಿಂದ ಸೇರಿದರೆ ಅಕ್ರಮ ಕೂಟ. ಅದರಲ್ಲಿ ಮಾರಕಾಯುಧ ಹಿಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಮಿನಡಿ 2 ವರ್ಷದವರೆಗೆ ಜೈಲು. ಟ್ರೇಲರಿನಲ್ಲಿ ಐದರ ಎರಡರಷ್ಟು ಜನ, ಕೈಯಲ್ಲಿ ಹರಿತವಾದ ಕಬ್ಬಿಣ. ಎರಡು ಗುಂಪಿಗೂ ನಡುವಿರುವ ಬೇಲಿ ಉದ್ದೇಶವೊಂದೇ.

ಇನ್ನು ದಂಡದ ಲೆಕ್ಕ. ಗಣೇಶ ವಿಸರ್ಜನೆಗೋ ಚುನಾವಣೆಗೋ ನಿಷೇಧಾಜ್ಞೆ ಬಿದ್ದಾಗ ಜನ ಈಗಲೂ 'ನೂರಾ ನಲವತ್ತನಾಲ್ಕು ಹಾಕ್ಯಾರ' ಎನ್ನುತ್ತಾರೆ. 2024ರ ಜುಲೈ 1ರಿಂದ, ಹೊಸ ಸಂಹಿತೆಯಲ್ಲಿ, ಆ ಕಲಮಿನ ನಂಬರು 163. ಜಗಳವಾದೀತೆಂದು ಮುಚ್ಚಳಿಕೆ ಬರೆಸಿಕೊಳ್ಳುವ 'ನೂರಾ ಏಳು' ಈಗ 126. ನಂಬರು ಬದಲಾದರೂ ನಿಷೇಧಾಜ್ಞೆಯ ಗರಿಷ್ಠ ಅವಧಿ ಅದೇ 2 ತಿಂಗಳು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇನ್ನೂ 6 ತಿಂಗಳು. ಬೆಲೆ ಮಾತ್ರ ಏರಿತು. 1860ರ ದಂಡ ಸಂಹಿತೆಯ 188ನೇ ಕಲಮಿನಲ್ಲಿ ಆಜ್ಞೆ ಮೀರಿದವನಿಗೆ 1 ತಿಂಗಳ ಸಜೆ ಅಥವಾ 200 ರೂಪಾಯಿ, ಪ್ರಾಣಕ್ಕೆ ಅಪಾಯವಾಗುವಂತಿದ್ದರೆ 6 ತಿಂಗಳು ಅಥವಾ 1,000 ರೂಪಾಯಿ. ಈಗಿನ 223ನೇ ಕಲಮಿನಲ್ಲಿ 6 ತಿಂಗಳು ಅಥವಾ 2,500, ಇಲ್ಲವೆ 1 ವರ್ಷ ಅಥವಾ 5,000. ಮೊದಲನೆಯದು ಹನ್ನೆರಡೂವರೆ ಪಟ್ಟು, ಎರಡನೆಯದು ಐದು ಪಟ್ಟು.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹಳೆಯ 200 ರೂಪಾಯಿ ಅರ್ಧ ದಿನಕ್ಕೆ ಮುಗಿಯುವ ದುಡಿಮೆ. ಕೂಲಿ ಆಣೆಯಲ್ಲಿದ್ದ 1860ರ ಕಾಲಕ್ಕೆ ಅದೇ ದೊಡ್ಡ ಗಂಟು. ಹೊಸ 2,500 ಸುಮಾರು ಏಳು ದಿನದ ಕೂಲಿ, 5,000 ಹದಿಮೂರೂವರೆ ದಿನದ್ದು. ಅಪಾಯಕಾರಿ ಆಯುಧದಿಂದ ಗಾಯ ಮಾಡಿದರೆ 118ನೇ ಕಲಮಿನಡಿ 3 ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ: ದಂಡವೊಂದೇ 54 ದಿನದ ಕೂಲಿ. ಮಾರಕಾಯುಧ ಹಿಡಿದು ದೊಂಬಿ ಮಾಡಿದರೆ ಮೊದಲಿದ್ದ 3 ವರ್ಷ ಈಗ 5. ಯಾರಿಗೂ ಏಟು ಹಾಕದೆ, ಆಜ್ಞೆ ಇದ್ದ ದಿನ ಕೈಯಲ್ಲಿ ಕುಡಗೋಲಿತ್ತೆಂದು ಸಿಕ್ಕಿಬಿದ್ದವನ ಖರ್ಚನ್ನು ಬೇರೆಯಾಗಿಯೇ ಬರೆಯಬೇಕು. ಹತ್ತು ಸಲ ಗಂಗಾವತಿಯ ಕೋರ್ಟಿಗೆ ಹೋಗಿಬಂದ ಎಂದುಕೊಳ್ಳಿ. ಬಸ್ಸಿನ ಚಾರ್ಜು, ವಕೀಲರ ಫೀಜು ಬಿಟ್ಟು ಬರೀ ತಪ್ಪಿದ ಕೂಲಿಯೇ 3,700. ದಂಡಕ್ಕಿಂತ ತಾರೀಖು ತುಟ್ಟಿ. ಕಸಿದುಕೊಂಡ ಕುಡಗೋಲಿನ ಕ್ರಯ ಆ ಮೇಲೆ.

ನಿಷೇಧಾಜ್ಞೆಯಲ್ಲಿ 'ಹೊಲಗೆಲಸಕ್ಕೆ ಒಯ್ಯುವ ಸಲಕರಣೆ ಹೊರತು' ಎಂದು ನಾಲ್ಕು ಪದ ಸೇರಿಸಿದರೆ ಸರ್ಕಾರಕ್ಕೆ ತಗಲುವ ಖರ್ಚು ಸೊನ್ನೆ. ಕೇಂದ್ರದ ಪಟ್ಟಿ 1962ರಿಂದ ಅದನ್ನೇ ಮಾಡಿಕೊಂಡು ಬಂದಿದೆ.

ವಿನಾಯಿತಿಯೆಂಬುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಕೊಡವರಿಗೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಆಯುಧ ಲೈಸೆನ್ಸಿನಿಂದ ಕೊಟ್ಟ ವಿನಾಯಿತಿ, ಕಾಯ್ದೆಯಿಂದ ಕಾಯ್ದೆಗೆ ದಾಟುತ್ತ ಬಂತು. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಬಂದೂಕಿನ ಮಾತು ಅಲ್ಲಿ ಮುಖ್ಯ, ಆದರೆ ಸೊಂಟದ ಪೀಚೆಕತ್ತಿ, ಬೆನ್ನಿನ ಅಗಲ ಅಲಗಿನ ಒಡಿಕತ್ತಿ ಇಲ್ಲದ ಕೊಡವ ಮದುವೆ ಯಾರು ನೋಡಿದ್ದಾರೆ? ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಜಾಗವಿದೆ. 2022ರ ಮಾರ್ಚಿನಿಂದ ದೇಶದೊಳಗಿನ ವಿಮಾನಗಳಲ್ಲಿ ಅದರ ಅಲಗು 15.24, ಒಟ್ಟು ಉದ್ದ 22.86 ಸೆಂಟಿಮೀಟರ್ ಮೀರಬಾರದು. ಬೀದರಿನ ನಾನಕ ಝೀರಾದಿಂದ ಮರಳುವ ಭಕ್ತರ ಸೊಂಟದಲ್ಲೂ ಮತ್ತೆ ಅದೇ ಗೇಣು. ವೀರಭದ್ರನ ಮುಂದೆ ಖಡ್ಗ ಝಳಪಿಸುವ ನಮ್ಮ ಪುರವಂತರ ಅಳತೆಯನ್ನು ಯಾವ ಗೆಜೆಟ್ಟೂ ಕೇಳಿದಂತಿಲ್ಲ. ಜಾತ್ರೆಯಲ್ಲಿ ಟೇಪು ಹಿಡಿದವರನ್ನು ನಾನಂತೂ ಕಂಡಿಲ್ಲ.

ಈ ಸೀಮೆಯವರಿಗೆ ಆಯುಧದ ಲೈಸೆನ್ಸು ಎಂದೊಡನೆ ನೆನಪಾಗುವುದು 1857. ಕಂಪನಿ ಸರ್ಕಾರ ಆ ವರ್ಷ ತಂದ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಜನ ಗಲ್ಲಿಗೇರಿದರು. ಮರುವರ್ಷ ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕೊನೆಯುಸಿರೆಳೆದದ್ದು ನಮ್ಮ ಕೊಪ್ಪಳದ ಕೋಟೆಯಲ್ಲೇ. 1878ರ ಆಯುಧ ಕಾಯ್ದೆ ಆ ಹೆದರಿಕೆಯ ಕೂಸು. ಅದನ್ನು ತೆಗೆದುಹಾಕಲು ದೇಶ 81 ವರ್ಷ ಕಾಯಬೇಕಾಯಿತು.

ಅಳತೆಯ ವಿಷಯದಲ್ಲಿ ಇನ್ನೊಂದು ಉಳಿದಿದೆ. ಆ 9 ಇಂಚನ್ನು ಹೇಗೆ ಅಳೆಯುವುದು? ನಿಯಮದ ಪಟ್ಟಿಯಲ್ಲಿರುವುದು ಇಷ್ಟಕ್ಕಿಂತ ಉದ್ದ ಎಂಬ ಮಾತು ಮಾತ್ರ. ಚಾಕು ನೆಟ್ಟಗಿರುತ್ತದೆ, ಕುಡಗೋಲು ಅರ್ಧಚಂದ್ರ. ತುದಿಯಿಂದ ಹಿಡಿಯ ಬುಡಕ್ಕೆ ದಾರ ಎಳೆದು ನೋಡಿದರೆ 7 ಇಂಚು ಬರುವ ಕುಡಗೋಲು, ಅದೇ ದಾರವನ್ನು ಅಲಗಿನ ಬಾಗಿಗುಂಟ ಹಾಯಿಸಿದರೆ 11 ಇಂಚಿಗೆ ಹೋಗಿ ನಿಲ್ಲುತ್ತದೆ. ಒಂದೇ ಕುಡಗೋಲು, ಒಮ್ಮೆ ಗೇಣಿಗಿಂತ ಎರಡು ಇಂಚು ಕಡಿಮೆ, ಒಮ್ಮೆ ಎರಡು ಇಂಚು ಹೆಚ್ಚು. ಕಂಬಾರನಿಗೆ ಈ ತಕರಾರಿಲ್ಲ. ಅವನು ಕುಲುಮೆಗೆ ಇಡುವುದು 11 ಇಂಚಿನ ಕಬ್ಬಿಣದ ಪಟ್ಟಿಯನ್ನೇ; ಬಾಗಿಸುವುದು ಆಮೇಲೆ.