ಎರಡು ಗುಡ್ಡ, ನಡುವೆ ಒಬ್ಬ ಸೂರ್ಯ

ನಿಮ್ಮ ಮನೆಯಲ್ಲಿ ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಓದುವ ಮಗು ಇದೆಯಾ? ಒಂದು ಹಾಳೆ, ಪೆನ್ಸಿಲ್ ಕೊಟ್ಟು 'ಒಂದು ಸೀನರಿ ಬರಿ' ಅನ್ನಿ. ಏನು ಬರುತ್ತೆ ಅಂತ ನಾನು ಸ್ಟುಡಿಯೋದಲ್ಲಿ ಕೂತೇ ಹೇಳ್ತೀನಿ. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿಯುವ ಹೊಳೆ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಮಲೆನಾಡಿನ ಮಗುವಾದರೆ ಸರಿ, ಗುಡ್ಡ ನೋಡಿರುತ್ತೆ. ಆದರೆ ವಿಜಯಪುರದ ಬಯಲಲ್ಲಿ ಜೋಳದ ಹೊಲ ನೋಡಿಕೊಂಡು ಬೆಳೆದ ಮಗುವೂ ಇದನ್ನೇ ಬರೆಯುತ್ತಲ್ಲ? ಬೆಂಗಳೂರಿನ ಹತ್ತನೇ ಮಹಡಿಯ ಫ್ಲಾಟ್‌ನಲ್ಲಿರುವ ಮಗುವಿಗೆ ಆ ಗುಡಿಸಲು ತೋರಿಸಿದವರು ಯಾರು?

ಬೋರ್ಡು. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು, ಮಕ್ಕಳು ನೋಡಿ ಬರೆದುಕೊಂಡರು, ಪೀರಿಯಡ್ ಮುಗೀತು. ಹಾಗಂತ ಮೇಷ್ಟ್ರನ್ನು ಬೈಯೋದಕ್ಕೆ ನಾನು ಇಲ್ಲಿ ಕೂತಿಲ್ಲ. ಇದು ಅವರ ಸೋಮಾರಿತನವೂ ಅಲ್ಲ. ಇದೊಂದು ಪದ್ಧತಿ, ಅದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನ ನಡೀತು. ನಮ್ಮ ಕಾರ್ಖಾನೆಯ ಮಾಲು ಗಟ್ಟಿ ಇದೆ, ವಿನ್ಯಾಸದಲ್ಲಿ ಮಾತ್ರ ಹಿಂದಿದ್ದೇವೆ ಎಂಬ ಚಿಂತೆ ಬ್ರಿಟಿಷರಿಗೆ ಮೊದಲಿಂದಲೂ ಇತ್ತು. ಹೆನ್ರಿ ಕೋಲ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸೌತ್ ಕೆನ್ಸಿಂಗ್ಟನ್ ಪದ್ಧತಿ ರೂಪುಗೊಂಡಿತು. ಮೊದಲು ನೇರ ಗೆರೆ, ಆಮೇಲೆ ವಕ್ರರೇಖೆ, ಆಮೇಲೆ ಅಲಂಕಾರದ ನಮೂನೆಗಳ ನಕಲು. ಉದ್ದೇಶ ಕಲಾವಿದರನ್ನು ತಯಾರು ಮಾಡೋದಲ್ಲ. ಕಣ್ಣು ಮತ್ತು ಕೈ ಪಳಗಿದ ಕೆಲಸಗಾರರನ್ನು ತಯಾರು ಮಾಡೋದು. 1850ರಲ್ಲಿ ಮದ್ರಾಸಿನಲ್ಲಿ, 1857ರಲ್ಲಿ ಮುಂಬೈಯಲ್ಲಿ ಕಲಾಶಾಲೆಗಳು ಶುರುವಾಗಿದ್ದವು, ಮುಂದೆ ಅಲ್ಲಿಗೂ ಇದೇ ಗಾಳಿ ಬೀಸಿತು.

ನಾನು ಇಂಜಿನಿಯರಿಂಗ್ ಓದಿದವನು. ಡ್ರಾಯಿಂಗ್ ಬೋರ್ಡಿನ ಮುಂದೆ ಬೆನ್ನು ಬಗ್ಗಿಸಿ ನಿಂತವನು. ಆ ವಿದ್ಯೆಯ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಬೆಂಗಳೂರಿನಲ್ಲಿ ಬರೆದ ನಕ್ಷೆಯನ್ನು ಹುಬ್ಬಳ್ಳಿಯ ವರ್ಕ್‌ಶಾಪಿನವನು ಅದೇ ಅರ್ಥದಲ್ಲಿ ಓದಬೇಕು. ಅಲ್ಲಿ 'ನನ್ನ ಕಲ್ಪನೆ ಹೀಗಿದೆ ಸರ್' ಅಂದರೆ ಬೋಲ್ಟು ಕೂರಲ್ಲ. ಆದರೆ ಏಳು ವರ್ಷದ ಮಗು ಬೋಲ್ಟು ಮಾಡೋಕೆ ಹೊರಟಿಲ್ಲವಲ್ಲ.

ಈ ಮಾತನ್ನು ಜೋರಾಗಿ ಹೇಳಿದವರಲ್ಲಿ ಮೊದಲಿಗರು ವಿಯೆನ್ನಾದ ಫ್ರಾಂಜ್ ಚಿಜೆಕ್. ಎದುರಿನ ಬೇಲಿಯ ಮೇಲೆ ಮಕ್ಕಳು ಪೈಪೋಟಿಗೆ ಬಿದ್ದು ಚಿತ್ರ ಬರೆಯೋದನ್ನು ಕಿಟಕಿಯಿಂದ ನೋಡಿ ಇವರಿಗೆ ಹೊಳೆಯಿತು ಅಂತ ಹೇಳ್ತಾರೆ. 1897ರಲ್ಲಿ ಮಕ್ಕಳಿಗಾಗಿಯೇ ತರಗತಿ ಶುರು ಮಾಡಿದರು. ನಕಲು ಬೇಡ, ದೊಡ್ಡವರ ತಿದ್ದುಪಡಿ ಬೇಡ. ಅದೇ ವಿಯೆನ್ನಾದಲ್ಲಿ ಅಂಧ ಮಕ್ಕಳಿಗೆ ಕಲೆ ಕಲಿಸುತ್ತಿದ್ದ ವಿಕ್ಟರ್ ಲೋವೆನ್‌ಫೆಲ್ಡ್ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೊರಟು, ಮುಂದೆ ಅಮೆರಿಕದಲ್ಲಿ ನೆಲೆಸಿದರು. 1947ರಲ್ಲಿ ಬಂದ ಅವರ ಪುಸ್ತಕ ಜಗತ್ತಿನ ಎಷ್ಟೋ ಚಿತ್ರಕಲಾ ಶಿಕ್ಷಕರ ಕೈಪಿಡಿಯಾಯಿತು.

ಲೋವೆನ್‌ಫೆಲ್ಡ್ ಹೇಳಿದ್ದು ಸರಳ. ಮಗು ನಡೆಯೋದನ್ನು ಹೇಗೆ ಹಂತಹಂತವಾಗಿ ಕಲಿಯುತ್ತೋ ಚಿತ್ರವೂ ಹಾಗೇ. ಎರಡು ವರ್ಷಕ್ಕೆ ಬರೀ ಗೀಚು. ನಾಲ್ಕರ ಹೊತ್ತಿಗೆ ಒಂದು ವೃತ್ತ, ಅದರಿಂದಲೇ ಹೊರಟ ಎರಡು ಕಾಲು, ಅದು ಅಪ್ಪ. ಏಳರಿಂದ ಒಂಬತ್ತರವರೆಗೆ ಮಗು ತನಗೆ ಕಾಣುವುದನ್ನಲ್ಲ, ಗೊತ್ತಿರುವುದನ್ನು ಬರೆಯುತ್ತೆ. ಬಸ್ಸಿನ ತಗಡು ಪಾರದರ್ಶಕ, ಒಳಗಿರುವವರೆಲ್ಲ ಕಾಣಬೇಕು. ಅಮ್ಮ ಮನೆಗಿಂತ ದೊಡ್ಡವಳು, ಯಾಕಂದ್ರೆ ಅವಳು ಮುಖ್ಯ. ಇದು ತಪ್ಪಲ್ಲ ಸ್ವಾಮಿ, ಇದು ಲೆಕ್ಕಾಚಾರ. ಇಲ್ಲಿ ಕೆಂಪು ಪೆನ್ನು ಹಿಡಿದು 'ಅಮ್ಮನ್ನ ಚಿಕ್ಕದಾಗಿ ಬರಿ' ಅನ್ನೋ ಟೀಚರ್ ಮಗುವಿನ ತರ್ಕವನ್ನೇ ಹೊಡೆದು ಹಾಕ್ತಾರೆ.

ಈಗ ಅಸಲಿ ವಿಷಯಕ್ಕೆ ಬರೋಣ. ಒಂಬತ್ತು, ಹತ್ತು ವರ್ಷದ ಹೊತ್ತಿಗೆ ಏನೋ ಬದಲಾಗುತ್ತೆ. ನಿನ್ನೆಯವರೆಗೆ ಗೋಡೆ ತುಂಬಾ ಗೀಚುತ್ತಿದ್ದ ಮಗು ಇವತ್ತು ರಬ್ಬರ್ ಕೇಳುತ್ತೆ. ಬರೆಯುತ್ತೆ, ಅಳಿಸುತ್ತೆ, ಹಾಳೆ ಮುದ್ದೆ ಮಾಡುತ್ತೆ. ಕೊನೆಗೆ ನಾವೆಲ್ಲ ಕೇಳಿರೋ ಆ ವಾಕ್ಯ ಬರುತ್ತೆ: 'ನಂಗೆ ಡ್ರಾಯಿಂಗ್ ಬರಲ್ಲ.' ಕಣ್ಣಿಗೆ ಕಂಡಂತೆ ಬರೆಯಬೇಕೆಂಬ ಆಸೆ ಹುಟ್ಟಿದೆ, ಕೈ ಇನ್ನೂ ಅಲ್ಲಿಗೆ ತಲುಪಿಲ್ಲ. ತುಂಬಾ ಜನರ ಚಿತ್ರಕಲೆ ಅಲ್ಲಿಗೇ ನಿಂತುಹೋಗುತ್ತೆ. ಐವತ್ತು ವರ್ಷದ ಮನುಷ್ಯನಿಗೆ ಒಂದು ನಾಯಿ ಬರೀರಿ ಅಂದರೆ ಹತ್ತು ವರ್ಷದವನ ನಾಯಿಯನ್ನೇ ಬರೀತಾನೆ.

ಈ ಹೊತ್ತಲ್ಲಿ ಎರಡೂ ಪಂಥಗಳು ಕೈಕೊಡುತ್ತವೆ. ಬೋರ್ಡಿನವರು ರೆಡಿಮೇಡ್ ಗುಡ್ಡ ಕೊಡ್ತಾರೆ. ಸ್ವಾತಂತ್ರ್ಯದವರು 'ನಿನಗೆ ಅನಿಸಿದ್ದು ಬರಿ ಕಂದಾ' ಅಂತಾರೆ. ಈಜು ಬರದವನನ್ನು ಬಾವಿಗೆ ಇಳಿಸಿ ಮನಸ್ಸು ಬಂದ ಹಾಗೆ ಈಜು ಅಂದ ಹಾಗೆ! ಆ ವಯಸ್ಸಿನ ಮಗು ಕೇಳುತ್ತಿರೋದು ನೋಡುವ ವಿದ್ಯೆಯನ್ನು. ಅದು ಕಲಿಸಬಹುದಾದ ವಿದ್ಯೆ. ಅಮೆರಿಕದ ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಅಭ್ಯಾಸವಿದೆ: ಪಿಕಾಸೊ ಬರೆದ ಒಂದು ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನೋಡಿ ಬರೆಯಿರಿ. ತಲೆಕೆಳಗಾದಾಗ 'ಇದು ಕಣ್ಣು, ಇದು ಮೂಗು' ಎಂಬ ಹೆಸರುಗಳು ಮರೆಯಾಗಿ ಬರೀ ಗೆರೆ ಕಾಣುತ್ತೆ. ಬಲ ಮೆದುಳು, ಎಡ ಮೆದುಳು ಅಂತ ಆಕೆ ಕೊಟ್ಟ ವಿವರಣೆಯನ್ನು ಇವತ್ತಿನ ವಿಜ್ಞಾನ ಅಷ್ಟಾಗಿ ಒಪ್ಪಲ್ಲ, ಬಿಡಿ. ಅಭ್ಯಾಸ ಮಾತ್ರ ಚೆನ್ನಾಗಿದೆ. ಇದೂ ಒಂದು ರೀತಿ ಕಾಪಿಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಬೋರ್ಡಿನ ಗುಡ್ಡ ಕಾಪಿ ಮಾಡುವಾಗ ಮಗು ನೋಡುವುದನ್ನು ನಿಲ್ಲಿಸುತ್ತೆ, ಇಲ್ಲಿ ಶುರು ಮಾಡುತ್ತೆ.

ಇದಕ್ಕೆ ಅಮೆರಿಕದವರೆಗೆ ಹೋಗಲೇಬೇಕು ಅಂತೇನಿಲ್ಲ. ಟ್ಯಾಗೋರರ ಶಾಂತಿನಿಕೇತನದಲ್ಲಿ 1919ರಲ್ಲಿ ಕಲಾಭವನ ಶುರುವಾಯಿತು. ಅಲ್ಲಿ ನಂದಲಾಲ್ ಬೋಸ್ ವಿದ್ಯಾರ್ಥಿಗಳನ್ನು ಗೋಡೆಯೊಳಗೆ ಕೂಡಿಹಾಕದೆ ಮರ, ಹೊಲ, ದನಕರುಗಳ ಮುಂದೆ ಕೂರಿಸಿದರು. ಅಲ್ಲಿ ಕಲಿತ ದೇವಿ ಪ್ರಸಾದ್ ಗಾಂಧೀಜಿಯ ಸೇವಾಗ್ರಾಮದ ಶಾಲೆಗೆ ಹೋಗಿ ಹಳ್ಳಿಯ ಮಕ್ಕಳಿಗೆ ಕಲಿಸಿದರು. ಕಲೆ ಅನ್ನೋದು ಓದು ಮುಗಿದ ಮೇಲಿನ ಮನರಂಜನೆಯಲ್ಲ, ಶಿಕ್ಷಣದ ತಳಹದಿ ಎಂಬುದು ಅವರ ವಾದ.

ಈಗ ನಮ್ಮ ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಚಿತ್ರಕಲೆ ಸೇರಿದಂತೆ ಕಲಾ ಶಿಕ್ಷಣಕ್ಕೆ ಬೋಧಕರು ಇರಬೇಕು ಅನ್ನುತ್ತೆ. ಎಲ್ಲಿ? ಆರರಿಂದ ಎಂಟನೇ ತರಗತಿಗೆ. ಅದೂ ಮಕ್ಕಳ ಸಂಖ್ಯೆ ನೂರು ದಾಟಿದರೆ. ಅದೂ ಅರೆಕಾಲಿಕ. ಒಂದರಿಂದ ಐದನೇ ತರಗತಿಯವರೆಗೆ ಕಲಾ ಬೋಧಕರ ಸುದ್ದಿಯೇ ಇಲ್ಲ. ಮಗು ಪೆನ್ಸಿಲ್ ಕೆಳಗಿಡೋದು ನಾಲ್ಕನೇ, ಐದನೇ ಕ್ಲಾಸಿನಲ್ಲಿ. ಮೇಷ್ಟ್ರು ಬರೋದು ಆರಕ್ಕೆ. ಕಾಯಿಲೆ ಬಂದು ಹೋದ ಮೇಲೆ ಡಾಕ್ಟರ್ ಬಂದ ಹಾಗೆ. ನೂರು ಮಕ್ಕಳಿಲ್ಲದ ಹಳ್ಳಿ ಶಾಲೆಗೆ ಆ ಅರೆಕಾಲಿಕ ಡಾಕ್ಟರೂ ಕಡ್ಡಾಯವಲ್ಲ. 2020ರ ಹೊಸ ಶಿಕ್ಷಣ ನೀತಿ ಎಲ್ಲ ವಿಷಯಗಳ ಜೊತೆ ಕಲೆಯನ್ನು ಬೆಸೆಯಿರಿ ಅನ್ನುತ್ತೆ. ಕೇಳೋಕೆ ಚೆನ್ನಾಗಿದೆ. ನನಗಿರೋ ಭಯ ಒಂದೇ, ಅದು ವಿಜ್ಞಾನದ ಚಾರ್ಟಿಗೆ ಬಣ್ಣದ ಬಾರ್ಡರ್ ಹಾಕೋ ಕೆಲಸವಾಗಬಾರದು. ಅದನ್ನೂ ರಾತ್ರಿ ಹನ್ನೊಂದಕ್ಕೆ ಅಮ್ಮನೇ ಹಾಕ್ತಾಳೆ, ಅದು ಬೇರೆ ಮಾತು.

ಮೇಷ್ಟ್ರು ಬರುವವರೆಗೆ ಕಾಯಬೇಕಾ? ಕನ್ನಡ ಹೇಳಿಕೊಡುವ ಟೀಚರೂ ಬೋರ್ಡಿನ ಮೇಲೆ ಗುಡ್ಡ ಬರೆಯುವ ಬದಲು ಒಂದು ಪ್ರಶ್ನೆ ಕೇಳಬಹುದು. 'ನಿನ್ನೆ ಮಳೆ ಬಂದಾಗ ನೀನೆಲ್ಲಿದ್ದೆ? ಪಕ್ಕದಲ್ಲಿ ಯಾರಿದ್ದರು? ನೀರು ಎಲ್ಲಿಂದ ಬೀಳ್ತಿತ್ತು?' ನಲವತ್ತು ಮಕ್ಕಳಿಗೆ ನಲವತ್ತು ಮಳೆ. ಹತ್ತು ವರ್ಷದವರಿಗಾದರೆ ಒಂದು ಹಾಗಲಕಾಯಿ ತಂದು ಮೇಜಿನ ಮೇಲಿಡಿ. ಎಷ್ಟು ಏಣು, ಎಲ್ಲಿ ನೆರಳು, ನೋಡಿ ಬರೆಯಲಿ. ಸಾಗರದ ಕಡೆಯ ಶಾಲೆಯಾದರೆ ಹಸೆ ಚಿತ್ತಾರ ಬರೆಯುವ ಅಜ್ಜಿಯೊಬ್ಬರನ್ನು ಕರೆಸಿ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ನಾರಿನ ಕುಂಚ. ಆ ನಮೂನೆಯನ್ನು ಮತ್ತೆ ಬೋರ್ಡಿಗೆ ಇಳಿಸಿ ಕಾಪಿ ಮಾಡಿಸಬೇಡಿ ಅಷ್ಟೇ. ಆ ಅಜ್ಜಿ ಗೆರೆ ಹೇಗೆ ಅಳೀತಾರೆ, ಮೂಲೆ ಹೇಗೆ ತಿರುಗಿಸ್ತಾರೆ ಅಂತ ಮಕ್ಕಳು ನೋಡಲಿ.

ಮುಂದಿನ ಪೋಷಕರ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡ್ ನೋಡಿದ ಮೇಲೆ ಎರಡು ನಿಮಿಷ ಉಳಿಸಿಕೊಳ್ಳಿ. ನಿಮ್ಮ ಮಗುವಿನ ಡ್ರಾಯಿಂಗ್ ಪುಸ್ತಕ ಕೇಳಿ, ಜೊತೆಗೆ ಅಕ್ಕಪಕ್ಕ ಕೂರುವ ಇಬ್ಬರದ್ದೂ. ಒಂದೇ ಪುಟ ತೆರೆದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಅದೇ ಗುಡ್ಡ, ಅದೇ ಸೂರ್ಯ ಇದ್ದರೆ, ಮಾರ್ಕ್ಸ್ ಬಗ್ಗೆ ಕೇಳೋ ಪ್ರಶ್ನೆಗಳ ಜೊತೆ ಇದರ ಬಗ್ಗೆಯೂ ಒಂದು ಪ್ರಶ್ನೆ ಕೇಳಿ ಬನ್ನಿ.