ರೈಲುಗಾಲಿಯ ಶೇಷ ಪ್ರತಿಬಲ ಮತ್ತು ಶ್ರವಣಾತೀತ ಮಾಪನ

ಪುಣೆಯಿಂದ ಮುಂಬಯಿಗೆ ಹೋಗುವ ರೈಲುಮಾರ್ಗವು ಲೋಣಾವಳೆಯ ಆಚೆ ಭೋರ್ ಘಾಟಿಯನ್ನು ಇಳಿಯುತ್ತದೆ. 1863ರಲ್ಲಿ ಸಂಚಾರಕ್ಕೆ ತೆರೆದ ಈ ಘಾಟಿಯ ಅತಿ ಕಡಿದಾದ ಇಳಿಜಾರು 37ಕ್ಕೆ 1ರಷ್ಟು. ಗಾಲಿಯ ಮೈಗೇ ಒತ್ತುವ ಬ್ರೇಕುಗಳುಳ್ಳ ಬಂಡಿಗಳು ಇಂತಹ ಇಳಿತದಲ್ಲಿ ಸಾಗುವಾಗ ಗಾಲಿಯ ಅಂಚು ಬಹಳವಾಗಿ ಕಾಯುತ್ತದೆ. ಆ ಕಾವು ಆರಿದ ಮೇಲೆ ಲೋಹದಲ್ಲಿ ಏನು ಉಳಿಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಹೊರಗಿನ ಭಾರವಿಲ್ಲದಿದ್ದಾಗಲೂ ಲೋಹದೊಳಗೆ ನೆಲೆಸಿರುವ ಬಿಗಿತವೇ ಶೇಷ ಪ್ರತಿಬಲ. ಇದು ಯಾವಾಗಲೂ ಕೇಡಿನದಲ್ಲ. 1984ರಲ್ಲಿ ಆರಂಭವಾದ ಬೆಂಗಳೂರಿನ ಯಲಹಂಕದ ಕಾರ್ಖಾನೆಯಲ್ಲಿ ಗಾಲಿಗಳನ್ನು ಗ್ರಾಫೈಟ್ ಅಚ್ಚುಗಳಲ್ಲಿ ಎರಕ ಹೊಯ್ಯುತ್ತಾರೆ. ಬಳಿಕ ಕಾಯಿಸಿ, ಅಂಚನ್ನು ನೀರಿನಿಂದ ತಣಿಸುತ್ತಾರೆ. ಅಂಚು ಮೊದಲು ಗಟ್ಟಿಯಾಗುತ್ತದೆ. ತಡವಾಗಿ ಆರುವ ಒಳಭಾಗವು ಕುಗ್ಗುತ್ತ ಅದನ್ನು ಬಿಗಿಹಿಡಿಯುತ್ತದೆ. ಹೀಗೆ ಅಂಚಿನ ಸುತ್ತ ಉಂಟಾದ ಸಂಪೀಡನವು ಬಿರುಕು ಬೆಳೆಯದಂತೆ ತಡೆಯುತ್ತದೆ. ಬ್ರೇಕಿನ ಅತಿಯಾದ ಕಾವು ಈ ಸ್ಥಿತಿಯನ್ನು ತಿರುವುಮುರುವಾಗಿಸಬಲ್ಲದು. ಹಿಗ್ಗಲು ಎಡೆಯಿಲ್ಲದೆ ನಲುಗಿದ ಅಂಚು, ಆರಿದಾಗ ಕುಗ್ಗಿ ಕರ್ಷಣಕ್ಕೆ ಒಳಗಾಗುತ್ತದೆ. ಆಗ ಸಣ್ಣ ಬಿರುಕೂ ಗಾಲಿಯನ್ನು ಸೀಳಬಹುದು. ಹೊರನೋಟಕ್ಕೆ ಮಾತ್ರ ಗಾಲಿ ನಿರ್ದುಷ್ಟವಾಗಿಯೇ ಕಾಣುತ್ತದೆ.

ಅಂಚನ್ನು ಗರಗಸದಿಂದ ಕೊಯ್ದು, ಸೀಳು ಮುಚ್ಚಿಕೊಳ್ಳುವುದೋ ತೆರೆದುಕೊಳ್ಳುವುದೋ ಎಂದು ನೋಡುವ ಕ್ರಮವುಂಟು. ಆದರೆ ಹಾಗೆ ಪರೀಕ್ಷಿಸಿದ ಗಾಲಿ ಮತ್ತೆ ಬಳಕೆಗೆ ಬಾರದು. ಶ್ರವಣಾತೀತ ಕ್ರಮದಲ್ಲಿ ಅಂಚಿನ ಪಕ್ಕದಿಂದ ಅಡ್ಡ ತರಂಗವನ್ನು ಎರಡು ಬಾರಿ ಹಾಯಿಸುತ್ತಾರೆ: ಒಮ್ಮೆ ಅದರ ಕಂಪನ ಸುತ್ತಳತೆಯ ದಿಕ್ಕಿನಲ್ಲಿ, ಮತ್ತೊಮ್ಮೆ ತ್ರಿಜ್ಯದ ದಿಕ್ಕಿನಲ್ಲಿ. ಈ ಎರಡು ದಿಕ್ಕುಗಳ ಪ್ರತಿಬಲಗಳು ಬೇರೆಯಾಗಿದ್ದರೆ ತರಂಗಗಳ ವೇಗವೂ ಬೇರೆಯಾಗುತ್ತದೆ. ಅವು ಮರಳಿ ಬರುವ ಕಾಲದ ವ್ಯತ್ಯಾಸದಿಂದ ಪ್ರತಿಬಲಗಳ ಅಂತರವನ್ನು ಗಣಿಸಬಹುದು. ಉಕ್ಕಿನಲ್ಲಿ 100 ಮೆಗಾಪಾಸ್ಕಲ್ ಅಂತರಕ್ಕೂ ವೇಗದ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ; ಆದುದರಿಂದ ಕಾಲವನ್ನು ನ್ಯಾನೋಸೆಕೆಂಡುಗಳಲ್ಲಿ ಅಳೆಯಬೇಕಾಗುತ್ತದೆ.

ಉಪಕರಣವು ಅಳೆಯುವುದು ಕಾಲವನ್ನೇ ಹೊರತು ಪ್ರತಿಬಲವನ್ನಲ್ಲ ಎಂಬುದನ್ನು ಮರೆಯಬಾರದು. ಲೋಹದ ಹರಳುಗಳು ಒಂದು ದಿಕ್ಕಿಗೆ ಓರಣಗೊಂಡಿದ್ದರೂ ಇಂತಹುದೇ ವ್ಯತ್ಯಾಸ ಕಾಣಿಸುತ್ತದೆ. ಎರಕದ ಗಾಲಿಗೆ ಸಲ್ಲುವ ತಿದ್ದುಪಡಿ ಬಡಿದು ರೂಪಿಸಿದ ಗಾಲಿಗೆ ಸಲ್ಲದು. ಅದೇ ಬಗೆಯ ಗಾಲಿಯ, ಪ್ರತಿಬಲ ಕಳೆದ ತುಣುಕನ್ನು ಮೊದಲು ಅಳೆದು ಆಧಾರವಾಗಿ ಇರಿಸಿಕೊಳ್ಳುವುದು ಅವಶ್ಯಕ. ಬಿರುಕನ್ನು ಅರಸುವ ಪರೀಕ್ಷೆಯು ಆಗಿರುವ ಹಾನಿಯನ್ನು ತಿಳಿಸುತ್ತದೆ; ಆಧಾರ ಸರಿಯಿದ್ದಲ್ಲಿ ಈ ಮಾಪನವು ಒದಗಲಿರುವ ಅಪಾಯವನ್ನು ಮುಂಚಿತವಾಗಿಯೇ ಸೂಚಿಸಬಲ್ಲದು.